ಬೆಳಗಾವಿ ಕ್ಯಾಂಪಿನಿಂದ ಕಣಗಿನಹಾಳಕ್ಕೆ

ಬೆಳಗಾವಿಯ ಕ್ಯಾಂಪಿನಲ್ಲಿ ಸಂಜೆ ಐದರ ಮೇಲೆ ಓಡಾಡಿದರೆ ಒಂದು ಬಗೆಯ ಗಂಡಸರು ಕಣ್ಣಿಗೆ ಬೀಳುತ್ತಾರೆ. ಮೂವತ್ತೈದು, ನಲವತ್ತರ ವಯಸ್ಸು. ಕಿವಿಯ ಮೇಲೆ ಮಿಲಿಟರಿ ಕಟಿಂಗು, ಮೈಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಸಿವಿಲ್ ಅಂಗಿ. ನಡಿಗೆಯಲ್ಲಿ ಪರೇಡಿನ ಅಳತೆ ಇನ್ನೂ ಉಳಿದಿದೆ, ಅವಸರ ಮಾತ್ರ ಇಲ್ಲ. ಟ್ರಂಕು ಮಾರುವ ಅಂಗಡಿಯ ಮುಂದೆ ನಿಂತು ಬೀಗದ ಕೊಂಡಿ ಎಳೆದು ನೋಡುತ್ತಾರೆ. ಸ್ಟುಡಿಯೋದಲ್ಲಿ ಹೆಂಡತಿಯ ಜೊತೆಗಿನ ಜೋಡಿ ಫೋಟೋದ ಪ್ರತಿ ತೆಗೆಸುತ್ತಾರೆ, ಪಿಂಚಣಿ ಕಾಗದಕ್ಕೆ ಅದು ಬೇಕು. ಕುಂದಾದ ಅಂಗಡಿಯಲ್ಲಿ ದರ ಕೇಳುತ್ತಾರೆ, ಕೊಳ್ಳುವುದಿಲ್ಲ; ಊರಿಗೆ ಹೊರಡುವ ದಿನ ಕೊಂಡರೆ ಸಾಕು. ಹದಿನೈದು, ಹದಿನೇಳು ವರ್ಷ ಗಡಿಯಲ್ಲಿ ನಿಂತವರು ಇವರು. ಈಗ ರೆಜಿಮೆಂಟಿನ ಕೇಂದ್ರಕ್ಕೆ ಬಂದು ಸರ್ವಿಸಿನ ಕೊನೆಯ ದಿನಗಳನ್ನು ಕಳೆಯುತ್ತಿದ್ದಾರೆ. ‘ಪೆನ್ಶನ್ ಮ್ಯಾಲೆ ಬಂದಾರ’ ಎಂದು ಇವರ ಊರಲ್ಲಿ ಜನ ಆಗಲೇ ಮಾತಾಡಿಕೊಳ್ಳುತ್ತಿರುತ್ತಾರೆ. ಆದರೆ ಕಾಗದ ಕೈಗೆ ಬಂದಿಲ್ಲ. ಬೆಳಿಗ್ಗೆ ಹಾಜರಿ ಇದೆ, ರಾತ್ರಿ ರೋಲ್ ಕಾಲ್ ಇದೆ, ನಡುವಿನ ಹೊತ್ತಿಗೆ ಕೆಲಸವಿಲ್ಲ.

ಆ ನಡುವಿನ ಹೊತ್ತನ್ನು ಹಿಡಿದುಕೊಂಡು ನಾನು ಈ ದಾರಿ ಹೊರಟೆ. ಸೈನಿಕ ಹೋರಾಡಿದ್ದರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ, ಮಡಿದವರ ಬಗ್ಗೆ ಇನ್ನೂ ಹೆಚ್ಚು. ಯುದ್ಧ ಮುಗಿದ ಮೇಲೂ ಬಿಡುಗಡೆ ಸಿಗದೆ ಬ್ಯಾರಕ್ಕಿನಲ್ಲಿ ಕೂತವನ ಸಂಜೆಗಳನ್ನು ಯಾರೂ ಬರೆದಿಟ್ಟ ಹಾಗಿಲ್ಲ. ರೈತನಾಗಿ ಹೋದವನು ಸಿಪಾಯಿಯಾಗಿ, ಮತ್ತೆ ರೈತನಾಗಬೇಕಾದ ಹೊರಳು ಆ ಸಂಜೆಗಳಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಮೊದಲು ಬೆಳಗಾವಿ. 1818ರಲ್ಲಿ ಥಾಮಸ್ ಮನ್ರೋ ಇಲ್ಲಿನ ಕೋಟೆಯನ್ನು ಹಿಡಿದ ಮೇಲೆ ಬೆಳೆದ ದಂಡಿನ ಪ್ರದೇಶ ಇದು. ಅಗಲವಾದ ರಸ್ತೆ, ಹಳೆಯ ಮರಗಳು, ಹೆಂಚಿನ ಬಂಗಲೆಗಳು, 1869ರ ಸೇಂಟ್ ಮೇರಿ ಚರ್ಚು. 1922ರಲ್ಲಿ ಹಳೆಯ ಮರಾಠಾ ಪಲ್ಟನ್‌ಗಳನ್ನು ಕೂಡಿಸಿ ಹೊಸ ರೆಜಿಮೆಂಟು ಕಟ್ಟಿದಾಗ 114ನೇ ಮರಾಠಾ ಪಲ್ಟನ್ ತರಬೇತಿಯ ಪಲ್ಟನ್ ಆಯಿತು, ಬೆಳಗಾವಿ ಅದರ ಮನೆಯಾಯಿತು. ಇಂದಿನ ಮರಾಠಾ ಲೈಟ್ ಇನ್ಫೆಂಟ್ರಿ ಕೇಂದ್ರದ ಮೂಲ ಅದು. ಹೆಸರು ಮರಾಠಾ ಎಂದಿದ್ದರೂ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ಕನ್ನಡದ ಹುಡುಗರಿಗೂ ದಂಡಿನ ಬಾಗಿಲು ಎಂದರೆ ಇದೇ. ನನ್ನ ದಾರಿ ಮುಟ್ಟುವ ಗದಗ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಒಂದು ತಾಲೂಕು. ಅದು ತಾನೇ ಜಿಲ್ಲೆಯಾದದ್ದು 1997ರಲ್ಲಿ.

ಕೇಂದ್ರದ ಒಳಗೆ ಶರ್ಕತ್ ಹೆಸರಿನ ಯುದ್ಧ ಸ್ಮಾರಕವಿದೆ. ಶರ್ಕತ್ ಎಂಬುದು ಇರಾಕಿನಲ್ಲಿ ಟೈಗ್ರಿಸ್ ನದಿಯ ದಂಡೆಯ ಊರು. 1918ರ ಅಕ್ಟೋಬರ್ ಕೊನೆಯ ವಾರ 114ನೇ ಮರಾಠಾ ಅಲ್ಲಿ ತುರ್ಕರ ವಿರುದ್ಧ ಹೋರಾಡಿತು. ಕಾಳಗ ಮುಗಿದದ್ದು ಅಕ್ಟೋಬರ್ 30ಕ್ಕೆ. ಅದೇ ದಿನ ದೂರದ ಮುದ್ರೋಸಿನಲ್ಲಿ ತುರ್ಕರು ಕದನವಿರಾಮಕ್ಕೆ ಸಹಿ ಹಾಕಿದರು, ಮರುದಿನದಿಂದ ಅದು ಜಾರಿಗೆ ಬಂತು. ಶರ್ಕತ್ತಿನ ಮಣ್ಣಿನಲ್ಲಿ ಮಲಗಿದವರು ಇನ್ನೊಂದು ದಿನ ತಡೆದಿದ್ದರೆ ಬದುಕುತ್ತಿದ್ದರು. ಬದುಕಿದವರಿಗಾದರೂ ಊರು ತಕ್ಷಣ ಸಿಗಲಿಲ್ಲ. ಮೆಸೊಪೊಟೇಮಿಯವನ್ನು ಬ್ರಿಟಿಷರು ಕೈಬಿಡಲಿಲ್ಲ. 1920ರಲ್ಲಿ ಅಲ್ಲಿನ ಜನ ಬಂಡೆದ್ದಾಗಲೂ ಅದನ್ನು ಅಡಗಿಸಲು ನಿಂತದ್ದು ಬಹುಪಾಲು ಭಾರತದ ಸೈನಿಕರೇ. ಆ ಹೊತ್ತಿಗೆ ಇತ್ತ ಅವರ ಊರುಗಳಲ್ಲಿ 1918ರ ಇನ್ಫ್ಲುಯೆಂಜಾ ಮನೆಮನೆಯನ್ನು ಖಾಲಿ ಮಾಡಿ ಹೋಗಿತ್ತು. ಕಾದು ಕಾದು ಊರಿಗೆ ಬಂದವನಿಗೆ ತನಗಾಗಿ ಕಾಯುತ್ತಿದ್ದವರೇ ಇಲ್ಲವಾದ ಮನೆಗಳು ಎಷ್ಟಿದ್ದವೋ. ಸ್ಮಾರಕದ ಕಲ್ಲಿನಲ್ಲಿ ಅಂಥ ಸಾವುಗಳಿಗೆ ಜಾಗವಿಲ್ಲ.

ಗೇಟಿನ ಆಚೆ ಹೋಗಲು ನನಗೆ ಅನುಮತಿ ಬೇಕು, ಈಚೆ ಇರಲು ಬೇಡ. ಈಚೆ ಇರುವುದೇ ನನಗೆ ಬೇಕಾದದ್ದು. ಕ್ಯಾಂಪಿನ ಬಾಜಾರು ಬೆಳೆದಿರುವುದು ಸೈನಿಕನ ಬಿಡುವಿನ ಹೊತ್ತಿನ ಮೇಲೆ. ದರ್ಜಿ, ಕಟಿಂಗ್ ಅಂಗಡಿ, ಬೂಟಿನ ಅಂಗಡಿ, ಪದಕದ ರಿಬ್ಬನ್ ಹೊಲಿದುಕೊಡುವವನು, ಚಹಾ, ಖಾನಾವಳಿ. ಸಿನಿಮಾ ಎಂದರೆ ಹಳಬರು ಇವತ್ತಿಗೂ ಗ್ಲೋಬ್ ಟಾಕೀಸಿನ ಹೆಸರು ಹೇಳುತ್ತಾರೆ. ಭಾನುವಾರವಾದರೆ ಮಿಲಿಟರಿ ಮಹಾದೇವನ ಗುಡಿಗೆ ಹೋಗಿ ಕಾಯಿ ಒಡೆಸುವುದು. ಕಿಸೆಯಲ್ಲಿ ಹಣ ಸ್ವಲ್ಪ, ಕೈಯಲ್ಲಿ ಹೊತ್ತು ಬಹಳ ಇರುವ ಮನುಷ್ಯನಿಗೆ ಏನೇನು ಬೇಕೋ ಅದೆಲ್ಲ ಒಂದು ಮೈಲಿಯ ಸುತ್ತಿನಲ್ಲಿದೆ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಯುವವನೊಬ್ಬ ಒಂದು ಮಾತು ಹೇಳಿದ. ಸರ್ವಿಸಿನಲ್ಲಿದ್ದಾಗ ನಂಬರು, ರ‍್ಯಾಂಕು, ಹೆಸರು, ಯುನಿಟ್ಟು ಬರೆಸುತ್ತಾರೆ. ಪೆನ್ಶನ್ನಿಗೆ ಹೊರಟವರು ಅದನ್ನು ಅಳಿಸಿ ಹೆಸರು, ಊರು, ತಾಲೂಕು ಬರೆಸುತ್ತಾರೆ. ಕೆಲವರಂತೂ ಹಳೆಯದನ್ನು ಅಳಿಸಲು ಒಪ್ಪದೆ ಇನ್ನೊಂದು ಬದಿಗೆ ಊರು ಬರೆಸಿಕೊಂಡು ಹೋಗುತ್ತಾರಂತೆ.

ಈಗಿನ ಕಾಯುವಿಕೆ ಕೆಲವು ವಾರಗಳದ್ದು. ಮೆಡಿಕಲ್ ಆಗಬೇಕು, ಲೆಕ್ಕ ಚುಕ್ತಾ ಆಗಬೇಕು, ಕಿಟ್ಟು ಜಮಾ ಮಾಡಬೇಕು, ಬ್ಯಾಂಕಿನ ಕಾಗದ, ಕುಟುಂಬ ಪಿಂಚಣಿಗೆ ಹೆಂಡತಿಯ ಹೆಸರು ಸರಿಯಾಗಿದೆಯೇ ನೋಡಬೇಕು. ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ಇಪ್ಪತ್ತು ವರ್ಷದ ಮೇಲೆ ವಿಧವೆಯೊಬ್ಬಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಅದಕ್ಕೇ ಈ ನಿಧಾನ ಒಳ್ಳೆಯದು ಎನ್ನುತ್ತೇನೆ. ಆದರೆ 1945ರ ನಿಧಾನ ಬೇರೆ ಥರದ್ದು. ಅದರ ಕಥೆ ಹೇಳದೆ ಈ ರಸ್ತೆಯಿಂದ ಮುಂದೆ ಹೋಗಲಾರೆ.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತದ ದಂಡು ಸುಮಾರು 25 ಲಕ್ಷ ಜನರದಾಗಿತ್ತು. ಒತ್ತಾಯವಿಲ್ಲದೆ ಸೇರಿದವರ ಅಷ್ಟು ದೊಡ್ಡ ಸೈನ್ಯವನ್ನು ಜಗತ್ತು ಕಂಡಿರಲಿಲ್ಲ. ಒತ್ತಾಯವಿಲ್ಲ ಎಂಬ ಮಾತಿಗೆ ನಮ್ಮ ಬಯಲುಸೀಮೆಯಲ್ಲಿ ಅರ್ಥ ಕಡಿಮೆ; ಮಳೆ ಕೈಕೊಟ್ಟ ವರ್ಷ ದಂಡಿಗೆ ಸೇರುವುದು ಹೊಟ್ಟೆಯ ಒತ್ತಾಯ. 1942–43ರಲ್ಲಿ ವಿಜಯಪುರ ಜಿಲ್ಲೆ ಬರದಲ್ಲಿ ಬೆಂದಿತ್ತು. ಯುದ್ಧ ಶುರುವಾದಾಗ ಸಿಪಾಯಿಯ ತಿಂಗಳ ಸಂಬಳ ಇಪ್ಪತ್ತು ರೂಪಾಯಿಗೂ ಕಡಿಮೆ. ಆದರೂ ಅದು ಖಾತ್ರಿಯ ಹಣ, ಜೊತೆಗೆ ಎರಡು ಹೊತ್ತಿನ ಊಟ.

ಮರಾಠಾ ಪಲ್ಟನ್‌ಗಳು ಇಟಲಿಯವರೆಗೂ ಹೋದವು. ಯಶವಂತ ಘಾಡ್ಗೆ 1944ರ ಜುಲೈಯಲ್ಲಿ, ನಾಮದೇವ ಜಾಧವ್ 1945ರ ಏಪ್ರಿಲ್‌ನಲ್ಲಿ ತೋರಿದ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಬಂತು. ಜಾಧವ್ ಬದುಕಿ ಬಂದರು, ಘಾಡ್ಗೆ ಬರಲಿಲ್ಲ. ಮೇ ತಿಂಗಳಲ್ಲಿ ಯುರೋಪಿನಲ್ಲಿ, ಆಗಸ್ಟ್‌ನಲ್ಲಿ ಜಪಾನಿನಲ್ಲಿ ಗುಂಡಿನ ಸದ್ದು ನಿಂತಿತು. ಇನ್ನು ಮನೆ ಎಂದು ಎಲ್ಲರೂ ಅಂದುಕೊಂಡರು. ಆದರೆ ಹಡಗು ಕಡಿಮೆ, ಜನ ಹೆಚ್ಚು. ವಯಸ್ಸು ಮತ್ತು ಸರ್ವಿಸು ನೋಡಿ ಗುಂಪು ಮಾಡಿ, ಸರದಿಯ ಮೇಲೆ ಬಿಡುವ ಯೋಜನೆ ಬಂತು. ಸರದಿ ಬರುವವರೆಗೆ ಕಾಯಬೇಕು. ಕಾಯುವವನನ್ನು ಎಲ್ಲಿಗೆ ಬೇಕಾದರೂ ಕಳುಹಿಸಬಹುದು. ಮರಾಠಾದ 6ನೇ ಪಲ್ಟನ್ 1945ರ ಅಕ್ಟೋಬರ್ 25ರಂದು 49ನೇ ಬ್ರಿಗೇಡಿನ ಜೊತೆ ಜಾವಾದ ಸುರಬಾಯಾದಲ್ಲಿ ಇಳಿಯಿತು. ಜಪಾನೀಯರಿಂದ ಶಸ್ತ್ರ ತೆಗೆದುಕೊಂಡು, ಸೆರೆಯಲ್ಲಿದ್ದವರನ್ನು ಬಿಡಿಸಿ ಬರುವುದು ಎಂದು ಹೇಳಿ ಕಳುಹಿಸಿದ್ದರು. ಮೂರೇ ದಿನದಲ್ಲಿ ಇಂಡೊನೇಷ್ಯಾದ ಸ್ವಾತಂತ್ರ್ಯ ಹೋರಾಟಗಾರರು ಬ್ರಿಗೇಡಿನ ಮೇಲೆ ಮುಗಿಬಿದ್ದರು. 30ಕ್ಕೆ ಬ್ರಿಗೇಡಿಯರ್ ಮ್ಯಾಲಬಿ ಸತ್ತರು. ನವೆಂಬರ್ 10ಕ್ಕೆ ಶುರುವಾದ ಕಾಳಗದ ನೆನಪಿಗೆ ಆ ದಿನವನ್ನು ಇಂಡೊನೇಷ್ಯಾ ಇಂದಿಗೂ ವೀರರ ದಿನವೆಂದು ಆಚರಿಸುತ್ತದೆ. ಜಗತ್ತಿನ ಯುದ್ಧ ಮುಗಿದು ಎರಡು ತಿಂಗಳಾದ ಮೇಲೆ, ತಮ್ಮ ಹಾಗೆಯೇ ಪರರ ಆಳ್ವಿಕೆಯಿಂದ ಬಿಡಿಸಿಕೊಳ್ಳಲು ಹೊರಟ ಜನರ ಎದುರು, ಮನೆಯ ದಾರಿ ನೋಡುತ್ತಿದ್ದ ಸಿಪಾಯಿಗಳು ಸತ್ತರು. ಇದಕ್ಕಿಂತ ದೊಡ್ಡ ಅನ್ಯಾಯ ಆ ವರ್ಷದಲ್ಲಿ ನನಗೆ ಕಾಣುವುದಿಲ್ಲ.

ಕಾಯುವವನ ಸಿಟ್ಟು ಸಣ್ಣದರಿಂದ ಶುರುವಾಗುತ್ತದೆ. ಬೇಳೆಯಲ್ಲಿ ಕಲ್ಲು, ರೊಟ್ಟಿಯಲ್ಲಿ ಮರಳು, ಅಧಿಕಾರಿಯ ಒಂದು ಬೈಗುಳ. 1946ರ ಜನವರಿಯಲ್ಲಿ ಕರಾಚಿಯ ವಾಯುನೆಲೆಯಲ್ಲಿ ಬ್ರಿಟಿಷ್ ವಿಮಾನ ಸೈನಿಕರೇ ತಮ್ಮನ್ನು ಬೇಗ ಮನೆಗೆ ಕಳುಹಿಸುತ್ತಿಲ್ಲ ಎಂದು ಮುಷ್ಕರ ಹೂಡಿದರು. ಫೆಬ್ರುವರಿ 18ಕ್ಕೆ ಮುಂಬಯಿಯ ‘ತಲ್ವಾರ್’ ನೌಕಾ ಕೇಂದ್ರದಲ್ಲಿ ನಾವಿಕರು ಊಟ ಬಿಟ್ಟು ನಿಂತರು. ಅವರ ಬೇಡಿಕೆಯ ಪಟ್ಟಿಯಲ್ಲಿ ಒಳ್ಳೆಯ ಊಟ, ಸಮಾನ ಸಂಬಳ, ಆಜಾದ್ ಹಿಂದ್ ಫೌಜಿನವರ ಬಿಡುಗಡೆಯ ಜೊತೆಗೆ ಬೇಗನೆ ಮನೆಗೆ ಕಳುಹಿಸಿ ಎಂಬುದೂ ಇತ್ತು. ಇಪ್ಪತ್ತು ಸಾವಿರದಷ್ಟು ನಾವಿಕರು ಸೇರಿಕೊಂಡ ಆ ಬಂಡಾಯವನ್ನು ಸ್ವಾತಂತ್ರ್ಯದ ಇತಿಹಾಸದಲ್ಲಿ ಓದುತ್ತೇವೆ. ಮನೆಗೆ ಹೋಗಬೇಕೆಂಬ ಹಂಬಲದ ಇತಿಹಾಸದಲ್ಲೂ ಅದನ್ನು ಓದಬೇಕು.

ಬೆಳಗಾವಿಯ ಬ್ಯಾರಕ್ಕಿನಲ್ಲಿ ಸರದಿಗೆ ಕಾದವನ ಸಂಕಟ ಇನ್ನೊಂದು. 1945ರ ಮಳೆ ಕೈಕೊಟ್ಟಿತ್ತು. ಊರಲ್ಲಿ ಜೋಳ ಕಂಟ್ರೋಲಿನದು, ಬಟ್ಟೆ ಕಂಟ್ರೋಲಿನದು. ಇವನ ತಾಟಿನಲ್ಲಿ ಎರಡು ಹೊತ್ತು ಅನ್ನ ಬೀಳುತ್ತಿದೆ. ಹೆಂಡತಿ ರೇಶನ್ ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತಿದ್ದಾಳೆ. ಬೇಗ ಬಿಟ್ಟರೆ ಮನೆಗೆ ಇನ್ನೊಂದು ಹೊಟ್ಟೆ, ತಡವಾದರೆ ಹೊಲ ಬೀಳು. ಅಂಥ ಮನುಷ್ಯ ಸಂಜೆ ಕ್ಯಾಂಪಿನ ಬಾಜಾರಿನಲ್ಲಿ ಚಹಾ ಕುಡಿಯುತ್ತ ಏನು ಯೋಚಿಸಿದ್ದಾನು? ಹಬ್ಬಕ್ಕೆ ಮುಟ್ಟುತ್ತೇನೋ ಇಲ್ಲವೋ ಎಂದು ಒಂದು, ಸಾಲ ಎಷ್ಟು ಬೆಳೆದಿದೆ ಎಂದು ಇನ್ನೊಂದು. ನನಗೆ ಸಿಕ್ಕ ಮಾಜಿ ಸೈನಿಕರೆಲ್ಲ, ಯಾವ ಯುದ್ಧದವರೇ ಆಗಲಿ, ಈ ಎರಡನ್ನೇ ಹೇಳಿದ್ದಾರೆ.

ಬೆಳಗಾವಿಯಿಂದ ರೈಲು ಲೋಂಡಾದ ಕಾಡು ಹಾಯ್ದು, ಧಾರವಾಡ, ಹುಬ್ಬಳ್ಳಿ ದಾಟಿ ಗದಗಕ್ಕೆ ಬರುತ್ತದೆ. ಮಲೆನಾಡಿನ ಹಸಿರು ಧಾರವಾಡದ ಆಚೆ ತೆಳುವಾಗುತ್ತ ಹೋಗಿ, ಅಣ್ಣಿಗೇರಿಯ ಹೊತ್ತಿಗೆ ಯರೆಭೂಮಿ ಎರಡೂ ಬದಿಗೆ ಕಪ್ಪಗೆ ಹರಡಿಕೊಳ್ಳುತ್ತದೆ. ಈ ಗೆರೆ ಹಳೆಯದು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹತ್ತಿ ಸಾಗಿಸಲು, ಬರದ ಸೀಮೆಗೆ ಕಾಳು ಮುಟ್ಟಿಸಲು ಹಾಕಿದ್ದು. ಹತ್ತಿ ಹೊರಗೆ ಹೋದ ಹಳಿಯ ಮೇಲೆಯೇ ಹುಡುಗರೂ ದಂಡಿಗೆ ಹೋದರು. ಕಿಟಕಿಯ ಪಕ್ಕ ಕೂತು ಕಪ್ಪು ಮಣ್ಣು ಕಂಡಾಗ ಅವರ ಎದೆ ಹೇಗೆ ಹೊಡೆದುಕೊಂಡಿರಬೇಕು ಎಂದು ಯೋಚಿಸಿದರೆ ನನ್ನ ಗಂಟಲೂ ಕಟ್ಟುತ್ತದೆ.

ಗದಗದಲ್ಲಿ ಇಳಿದರೆ ಮಿರ್ಚಿಯ ಕರಿದ ವಾಸನೆ, ಮುದ್ರಣಾಲಯಗಳ ಬೋರ್ಡುಗಳು, ವೀರನಾರಾಯಣ ಮತ್ತು ತ್ರಿಕೂಟೇಶ್ವರ. ಕುಮಾರವ್ಯಾಸ ಕುರುಕ್ಷೇತ್ರವನ್ನು ಕನ್ನಡಕ್ಕೆ ತಂದ ಊರು. ಜೋಡಿ ಊರು ಬೆಟಗೇರಿ ನೇಕಾರರದು. ಅಲ್ಲಿ ರಾಷ್ಟ್ರಕೂಟರ ಕಾಲದ ವೀರಗಲ್ಲುಗಳಿವೆ, ಕೆಲವು ಆಳೆತ್ತರವನ್ನೂ ಮೀರಿದವು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸ. ವೀರಗಲ್ಲಿನ ಲೆಕ್ಕದಲ್ಲಿ ಹೋರಾಡಿದವನಿಗೆ ಕಾಯುವ ಪ್ರಶ್ನೆಯೇ ಇಲ್ಲ. ಬಿದ್ದ ಕೂಡಲೇ ಬಿಡುಗಡೆ. ತುರು ಕಾದು ಗೆದ್ದು, ಗಾಯ ಕಟ್ಟಿಕೊಂಡು ಮನೆಗೆ ಬಂದು, ನಲವತ್ತು ವರ್ಷ ಬಾಳಿದವನಿಗೆ ಈ ಕಲ್ಲುಗಳ ನಡುವೆ ಜಾಗ ಸಿಕ್ಕಿಲ್ಲ. ಬದುಕಿ ಬಂದವನನ್ನು ಏನು ಮಾಡಬೇಕು ಎಂಬುದಕ್ಕೆ ನಮ್ಮ ಹಿಂದಿನವರಲ್ಲೂ ಉತ್ತರ ಸ್ಪಷ್ಟವಿರಲಿಲ್ಲವೇನೋ.

ಉತ್ತರದ ಒಂದು ತುಂಡು ಇದೇ ಗದಗ ತಾಲೂಕಿನ ಹಳ್ಳಿಯೊಂದರಲ್ಲಿ ಸಿಗುತ್ತದೆ, ಅದೂ ಸೈನಿಕರನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ್ದಲ್ಲ. ಆ ಹಳ್ಳಿ ಕಣಗಿನಹಾಳ.

ಊರಿನ ದಾರಿಯುದ್ದಕ್ಕೂ ಹೊಲಗಳು. ಮುಂಗಾರಿಗೆ ಹೆಸರು, ಶೇಂಗಾ, ಉಳ್ಳಾಗಡ್ಡಿ, ಹತ್ತಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಮಳೆಗೆ ಕಾಲಿಟ್ಟರೆ ಮೊಣಕಾಲವರೆಗೆ ಹಿಡಿಯುವ ಮಣ್ಣು, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುವ ಮಣ್ಣು. ಈ ಮಣ್ಣು ಒಂದು ವರ್ಷ ಕೊಟ್ಟರೆ ಮೂರು ವರ್ಷ ಸಾಲ ಹತ್ತದು, ಒಂದು ವರ್ಷ ಕೈಬಿಟ್ಟರೆ ಹತ್ತು ವರ್ಷ ಸಾಲ ಬಿಡದು. ಸಾಲ ಕೊಡುವ ಸಾಹುಕಾರನ ಹಿಡಿತ ಎಷ್ಟಿತ್ತೆಂದರೆ 1875ರಲ್ಲಿ ಪುಣೆ, ಅಹ್ಮದನಗರದ ರೈತರು ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟರು. 1879ರಲ್ಲಿ ರೈತರ ಪರಿಹಾರಕ್ಕೆ ಕಾಯಿದೆ ಬಂತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ. ಮರುವರ್ಷವೇ, 1905ರಲ್ಲಿ, ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ ಸಂಘ ಕಟ್ಟಿದರು. ಆ ಕಾಯಿದೆಯಡಿ ದೇಶದಲ್ಲಿ ಹುಟ್ಟಿದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು ಅದು. ಏಷ್ಯಾದಲ್ಲೇ ಮೊದಲನೆಯದು ಎಂದು ಊರಿನವರು ಎದೆಯುಬ್ಬಿಸಿ ಹೇಳುತ್ತಾರೆ.

ನೆರೆಯವನ ಮಾತಿನ ಮೇಲೆ ನೆರೆಯವನಿಗೆ ಸಾಲ. ಕಾಗದದ ಆಸ್ತಿಗಿಂತ ಮನುಷ್ಯನ ನಡತೆ ದೊಡ್ಡ ಜಾಮೀನು. ಒಬ್ಬ ತಪ್ಪಿದರೆ ಎಲ್ಲರಿಗೂ ಪೆಟ್ಟು, ಆದ್ದರಿಂದ ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳುವುದು. ಇದನ್ನು ಓದಿದರೆ ಪಲ್ಟನ್ನಿನ ಮಾತು ಕೇಳಿದ ಹಾಗಾಗುತ್ತದೆ. ಒಂದೇ ಹೊಂಡದಲ್ಲಿ ರಾತ್ರಿ ಕಳೆದವರಿಗೆ ಜೊತೆಯವನ ಮೇಲೆ ಇರುವ ನೆಚ್ಚಿಕೆ ಅದೇ ಜಾತಿಯದು. ಎರಡನೆಯ ಯುದ್ಧ ನಡೆಯುತ್ತಿದ್ದಾಗಲೇ ಸರ್ಕಾರ ಯುದ್ಧಾನಂತರದ ಪುನರ್ವಸತಿಗೆಂದು ಒಂದು ನಿಧಿ ತೆರೆದಿತ್ತು. ಹೋರಾಡುವ ಪ್ರತಿ ಸೈನಿಕನ ಲೆಕ್ಕಕ್ಕೆ ತಿಂಗಳಿಗೆ ಎರಡು ರೂಪಾಯಿ, ಅಡಿಗೆಯವ, ಧೋಬಿಯಂಥವರ ಲೆಕ್ಕಕ್ಕೆ ಒಂದು ರೂಪಾಯಿ. ಅದು ಸೈನಿಕನ ಕೈಗೆ ಕೊಡುವ ಹಣವಾಗಿರಲಿಲ್ಲ, ಎಲ್ಲರಿಗೂ ಕೂಡಿ ಉಪಯೋಗವಾಗಬೇಕಾದದ್ದು. ಆ ಹಣ ಪ್ರಾಂತ್ಯಗಳಿಗೆ ಬಂತು, ಇಂದಿಗೂ ರಾಜ್ಯಗಳ ಮಾಜಿ ಸೈನಿಕರ ಕಲ್ಯಾಣ ನಿಧಿಗಳಿಗೆ ಅದೇ ಬೇರು. ದಂಡಿನಲ್ಲಿ ಲಾರಿ ನಡೆಸಲು ಕಲಿತವರನ್ನು ಕೂಡಿಸಿ ಮಾಜಿ ಸೈನಿಕರ ಸಹಕಾರಿ ಸಾರಿಗೆ ಸಂಘಗಳನ್ನು ಕಟ್ಟುವ ಪ್ರಯತ್ನವೂ ಆಗ ನಡೆಯಿತು. ಯುದ್ಧದಿಂದ ಬಂದವನ ಮುಂದೆ ಇಟ್ಟ ದಾರಿ ಸಹಕಾರದ್ದು. ಆ ದಾರಿಯ ಮೊದಲ ಹೆಜ್ಜೆಯನ್ನು ನಲವತ್ತು ವರ್ಷ ಹಿಂದೆಯೇ ಇಟ್ಟಿದ್ದ ಹಳ್ಳಿ ಇದು.

ಊರ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಮಾತಾಡುವಾಗ ಪಕ್ಕದ ಊರಿನಿಂದ ಬಂದಿದ್ದ ಹಿರಿಯರೊಬ್ಬರು ಕೇಳುತ್ತ ನಿಂತಿದ್ದರು. ಧೋತರ, ಬಿಳಿ ಟೋಪಿ, ಮೀಸೆ ಮಾತ್ರ ಮಿಲಿಟರಿಯದು. 1971ರ ಯುದ್ಧದಲ್ಲಿ ಇದ್ದವರು, ಪಶ್ಚಿಮದ ಗಡಿಯಲ್ಲಿ. ‘ಯುದ್ಧಾ ಮುಗದದ್ದು ಹದಿನಾಕ ದಿನದಾಗರೀ. ನಾ ಮನಿಗೆ ಬಂದದ್ದು ಮುಂದಿನ ವರ್ಷದ ಸುಗ್ಗಿ ಹೊತ್ತಿಗೆ’ ಎಂದರು.

ಅದು ಹೇಗಾಯಿತು ಎಂಬುದು ದಾಖಲೆಯಲ್ಲೂ ಇದೆ. ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 16ಕ್ಕೆ ಢಾಕಾದಲ್ಲಿ, 17ಕ್ಕೆ ಪಶ್ಚಿಮದಲ್ಲಿ ನಿಂತಿತು. ಪೂರ್ವದಲ್ಲಿ ಜಮಾಲಪುರದ ಹೊರಗೆ 1 ಮರಾಠಾ ಹೋರಾಡಿತ್ತು. ಮರಾಠಾದ 3ನೇ ಪಲ್ಟನ್ನಿನಿಂದಲೇ ಬೆಳೆದ 2 ಪ್ಯಾರಾ ಡಿಸೆಂಬರ್ 11ರಂದು ತಂಗಾಯಿಲ್‌ನಲ್ಲಿ ವಿಮಾನದಿಂದ ಇಳಿದಿತ್ತು. ಆದರೆ ಶಿಮ್ಲಾ ಒಪ್ಪಂದಕ್ಕೆ 1972ರ ಜುಲೈ 2ರವರೆಗೆ ಕಾಯಬೇಕಾಯಿತು, ಪಶ್ಚಿಮದ ಗಡಿಯಿಂದ ಸೈನ್ಯ ಹಿಂದೆ ಸರಿದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಸೆರೆ ಸಿಕ್ಕ ಸುಮಾರು 93,000 ಮಂದಿಯನ್ನು ಕಾಯುವ ಕೆಲಸ 1974ರವರೆಗೂ ಉಳಿಯಿತು. ಹೀಗೆ ಒಂದು ವರ್ಷ, ಗುಂಡಿನ ಸದ್ದಿಲ್ಲದ ಹೊಂಡಗಳಲ್ಲಿ, ಬಿಡುಗಡೆ ಹತ್ತಿರ ಬಂದವರೂ ಕೂತಿದ್ದರು.

ಆ ವರ್ಷ ಹೇಗೆ ಕಳೆಯಿತು ಎಂದು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಕೊಡುತ್ತೇನೆ.

‘ಮುಂಜಾನೆ ಹಾಜರಿ. ಆಮ್ಯಾಲೆ ಮೈನ್ ತಗಿಯೋ ಪಾರ್ಟಿ ಕೂಡ ಹೋಗೂದು. ಯುದ್ಧದಾಗ ಹುಗದದ್ದು ನಾವs, ತಗಿಬೇಕಾದವರೂ ನಾವs. ಹುಗಿಯೂಮುಂದ ಇಲ್ಲದ ಅಂಜಿಕಿ ತಗಿಯೂಮುಂದ. ಮನಿಗೆ ಹೋಗೋ ದಿನಾ ಸಮೀಪ ಬಂದಾವಲ್ಲ! ಮಧ್ಯಾಹ್ನ ಊಟಾದ ಮ್ಯಾಲೆ ಬಟ್ಟಿ ಒಗಿಯೂದು, ಕಾಗದಾ ಬರಿಯೂದು. ನನಗ ಬರಿಯಾಕ ಬರತಿತ್ರೀ, ಬರದವರಿಗೆ ನಾನs ಬರಕೊಡತಿದ್ದೆ. ಎಲ್ಲಾರ ಕಾಗದದಾಗೂ ಒಂದs ಮಾತು: ಮಳಿ ಆತೇನು? ಎತ್ತು ಹೆಂಗದಾವು? ಸಂಜಿಕ ವಾಲಿಬಾಲ್. ರಾತ್ರಿ ರೇಡಿಯೋದಾಗ ಜಯಮಾಲಾ. ಧಾರವಾಡ ಸ್ಟೇಶನ್ ಹಚ್ಚಾಕ ತಿರುವೇ ತಿರುವೂದು, ಬರ‍್ತಿರಲಿಲ್ಲ. ಬರೂದಿಲ್ಲಂತ ಗೊತ್ತಿದ್ರೂ ತಿರುವೂದು.’

ಜಯಮಾಲಾ ವಿವಿಧ ಭಾರತಿಯಲ್ಲಿ ಸೈನಿಕರಿಗೆಂದೇ ಬರುತ್ತಿದ್ದ ಹಾಡಿನ ಕಾರ್ಯಕ್ರಮ. ಆಕಾಶವಾಣಿ ಧಾರವಾಡ ಶುರುವಾದದ್ದು 1950ರಲ್ಲಿ. ಅದರ ದನಿ ಪಂಜಾಬಿನ ಗಡಿಗೆ ಎಲ್ಲಿಂದ ಮುಟ್ಟೀತು? ಸೂಜಿ ತಿರುಗಿಸುತ್ತ ಕೂತ ಆ ಹುಡುಗನನ್ನು ನಾನು ಮರೆಯಲಾರೆ.

ಇನ್ನೂ ಕೆಲವು ಸಂಗತಿ ಹೇಳಿದರು. ಬಿಡುವಿನಲ್ಲಿ ಅಮೃತಸರದ ಬಾಜಾರಿಗೆ ಹೋಗಿ ಕಂಬಳಿ ಕೊಂಡದ್ದು. ತಾಯಿಗೆ ಒಂದು, ಅತ್ತೆಗೆ ಒಂದು. ಹೆಂಡತಿಗೆ ಕೊಳ್ಳಲು ನಾಚಿಕೆಯಾಗಿ ಗೆಳೆಯನ ಕೈಯಲ್ಲಿ ಕೊಳ್ಳಿಸಿದ್ದು. ಗಾಡಿ ನಡೆಸಲು ಕಲಿತು ಲೈಸೆನ್ಸ್ ಮಾಡಿಸಿಕೊಂಡದ್ದು. ಶನಿವಾರದ ರಮ್ಮು ಕುಡಿಯದೆ ಅದಕ್ಕೆ ಬದಲಾಗಿ ಹಾಲಿನ ಡಬ್ಬಿ ಪಡೆದದ್ದು. ತಮ್ಮ ಗುಂಪಿನಲ್ಲಿ ಒಬ್ಬ ದಿನಾ ಸಂಜೆ ಕಟ್ಟಿಗೆಯಲ್ಲಿ ಎತ್ತಿನ ಗೊಂಬೆ ಕೆತ್ತುತ್ತಿದ್ದನಂತೆ. ಮಗನಿಗೆಂದು ಶುರು ಮಾಡಿದ್ದು. ಬಿಡುಗಡೆ ತಡವಾದಷ್ಟೂ ಎತ್ತುಗಳು ಹೆಚ್ಚಾಗಿ ಬಂಡಿ, ನೊಗ, ಕೂರಿಗೆ, ಕುಂಟೆ ಎಲ್ಲ ಆಗಿ ಒಂದು ಇಡೀ ಒಕ್ಕಲುತನವೇ ಟ್ರಂಕಿನಲ್ಲಿ ತುಂಬಿತಂತೆ.

ಕಾಗದ ಕೈಗೆ ಬಂದ ದಿನ ಏನು ಅನಿಸಿತು ಎಂದು ಕೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದರು. ‘ಖುಷಿ ಆಗಬೇಕಿತ್ತ್ರೀ. ಹೊಟ್ಟ್ಯಾಗ ಕಲಸಿಧಂಗಾತು. ನಾಳೆ ಮುಂಜಾನೆ ನನ್ನ ಯಾರು ಎಬ್ಬಸ್ತಾರ ಅನ್ನಿಸ್ತು.’

ಊರಿಗೆ ಬಂದ ಮೇಲೂ ಆರು ತಿಂಗಳು ಐದಕ್ಕೇ ಎದ್ದು, ಹಾಸಿಗೆ ಸುತ್ತಿಟ್ಟು, ಹಿತ್ತಲಲ್ಲಿ ನೆಟ್ಟಗೆ ನಿಲ್ಲುತ್ತಿದ್ದರಂತೆ. ಹೆಂಡತಿ ನಕ್ಕಿದ್ದಾಳೆ, ಆಮೇಲೆ ಅತ್ತಿದ್ದಾಳೆ. ಸೈನಿಕನ ಮನಸ್ಸಿನ ಈ ಭಾಗಕ್ಕೆ ಆಗ ವೈದ್ಯರಿರಲಿಲ್ಲ, ಹಳ್ಳಿಯಲ್ಲಿ ಈಗಲೂ ಇಲ್ಲ. 1919ರಿಂದಲೇ ಮಾಜಿ ಸೈನಿಕರಿಗಾಗಿ ಮಂಡಳಿಗಳಿವೆ. ಪಿಂಚಣಿ, ಮಕ್ಕಳ ಓದು, ಮನೆ ಎಂದು ಅವು ಮಾಡಿದ ಕೆಲಸ ದೊಡ್ಡದು. ಆದರೆ ಕಾಯುವ ದಿನಗಳಲ್ಲೇ, ಕ್ಯಾಂಪಿನ ಬಾಜಾರಿನಲ್ಲಿ ಸಂಜೆ ಸುತ್ತುವ ಹೊತ್ತಿನಲ್ಲೇ ಯಾರಾದರೂ ಕೂತು ಅವರ ಜೊತೆ ಮಾತಾಡಬೇಕು, ಹೆಂಡತಿಯನ್ನೂ ಕರೆಸಿ ಮಾತಾಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಲೆಕ್ಕ ಚುಕ್ತಾ ಮಾಡಲು ವಾರಗಳನ್ನು ಕೊಡುವವರು ಇದಕ್ಕೂ ಎರಡು ದಿನ ಕೊಡಬಹುದು.

ಬಿಡುಗಡೆಯ ಹೊತ್ತಿಗೆ ಸಿಕ್ಕ ಹಣ ಏನಾಯಿತು ಎಂದು ಕೇಳಲು ಹಿಂಜರಿದೆ, ಅವರೇ ಹೇಳಿದರು. ಬಂದ ಹಣದಲ್ಲಿ ಅರ್ಧ ತಂದೆಯ ಸಾಲಕ್ಕೆ ಹೋಯಿತು, ಅದು ಸಾಹುಕಾರನ ಸಾಲ. ಉಳಿದದ್ದರಲ್ಲಿ ಒಂದು ಜೋಡಿ ಎತ್ತು. ಬೀಜಕ್ಕೆ ಅವರ ಊರಿನ ಸೊಸೈಟಿಯಲ್ಲಿ ಸಾಲ ತೆಗೆದರು, ಮುಂದಿನ ಸುಗ್ಗಿಗೆ ತೀರಿಸಿದರು, ಮತ್ತೆ ತೆಗೆದರು. ‘ಸೊಸೈಟ್ಯಾಗ ಸಾಲಾ ಕೇಳಾಕ ಹೋದಾಗ ಚೇರ್ಮನ್ನರು ಅಂದ್ರು, ದಂಡಿನ್ಯಾಗಿಂದ ಬಂದಾನ, ಮಾತು ತಪ್ಪೂದಿಲ್ಲ ಅಂತ. ಅವತ್ತ ನನಗ ಊರಿಗೆ ಬಂದೆ ಅನ್ನಿಸ್ತು ನೋಡ್ರಿ.’

ಈ ಮಾತಿನ ಮುಂದೆ ಈಗಿನ ಹುಡುಗರನ್ನು ನೆನೆದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕು ವರ್ಷದ ಸರ್ವಿಸು. ನಾಲ್ವರಲ್ಲಿ ಒಬ್ಬನಿಗಷ್ಟೇ ಮುಂದೆ ದಂಡಿನಲ್ಲಿ ಉಳಿಯುವ ಅವಕಾಶ. ಉಳಿದವರಿಗೆ ಪಿಂಚಣಿ ಇಲ್ಲ, 11.71 ಲಕ್ಷ ರೂಪಾಯಿಯ ಸೇವಾ ನಿಧಿ ಇದೆ. ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆ, 2027ರ ಮೊದಲ ಹೊತ್ತಿಗೆ ತುಂಬುತ್ತದೆ. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಮೈದಾನಗಳಲ್ಲಿ ನಸುಕಿಗೆ ಓಡುವ ಹುಡುಗರನ್ನು ನೋಡಿದವರಿಗೆ ಗೊತ್ತು, ಈ ಸೀಮೆಯಲ್ಲಿ ದಂಡಿನ ಆಸೆ ಕಡಿಮೆಯಾಗಿಲ್ಲ. ಇಪ್ಪತ್ತೈದು ತುಂಬುವ ಮೊದಲೇ, ಮದುವೆಗೂ ಮೊದಲೇ, ಕೈಯಲ್ಲಿ ಅಷ್ಟು ಹಣ ಹಿಡಿದು ಬರುವ ಹುಡುಗನಿಗೆ ಊರಲ್ಲಿ ಕಾದಿರುವುದು ಯಾರು? ಬೈಕಿನ ಶೋರೂಮು, ಬಡ್ಡಿ ಆಸೆ ತೋರಿಸುವವರು, ಪ್ಲಾಟು ಮಾರುವವರು. ಅವನನ್ನು ಕೂರಿಸಿಕೊಂಡು ಕೊಳವೆಬಾವಿಯೋ, ಶೇಂಗಾ ಎಣ್ಣೆಯ ಗಾಣವೋ, ಲಾರಿಯೋ ಎಂದು ಲೆಕ್ಕ ಹಾಕಿ ಹೇಳುವ ಸಂಘ ಪ್ರತಿ ಹಳ್ಳಿಯಲ್ಲೂ ಈಗಲೇ ತಯಾರಾಗಬೇಕು. ಇದನ್ನು ಹೇಳುವ ಹಕ್ಕು ಯಾವ ಊರಿಗಾದರೂ ಇದ್ದರೆ ಅದು ಕಣಗಿನಹಾಳಕ್ಕೆ.

ಹಿರಿಯರಿಗೂ ಈ ಚಿಂತೆ ಇತ್ತು. ಅವರ ತಮ್ಮನ ಮೊಮ್ಮಗ ಅಗ್ನಿವೀರ. ಉಳಿಸಿಕೊಳ್ಳುತ್ತಾರೋ ಬಿಡುತ್ತಾರೋ ಎಂಬುದು ಗೊತ್ತಾಗಲು ಇನ್ನೂ ದಿನವಿದೆ. ಫೋನಿನಲ್ಲಿ ದಿನಾ ಸಂಜೆ ಮಾತಾಡುತ್ತಾನೆ, ರೀಲ್ಸ್ ಕಳಿಸುತ್ತಾನೆ, ಜಿಮ್ಮು ಮಾಡುತ್ತಾನೆ. ‘ಅವಗ ನಾ ಒಂದs ಹೇಳೀನ್ರಿ. ಈಗಿನ ಸಂಜಿ ಸುಮ್ಮ ಕಳೀಬ್ಯಾಡ, ಟ್ರ್ಯಾಕ್ಟರ್ ರಿಪೇರಿ ಕಲೀ, ಅಲ್ಲೇ ವರ್ಕ್‌ಶಾಪ್ ಐತಿ. ರೊಕ್ಕಾ ಬಂದಿಂದ ಮೂರ ತಿಂಗಳಾ ಮುಟ್ಟಬ್ಯಾಡ, ಸೊಸೈಟ್ಯಾಗ ಇಡು. ಮೂರ ತಿಂಗಳಾ ಹೊಲದಾಗ ಅಡ್ಡಾಡು. ಆಮ್ಯಾಲೆ ನಾನು ನೀನು ಕುಂತು ಮಾತಾಡೂಣು.’

ಹುಡುಗ ಏನೆಂದ ಎಂದು ಕೇಳಿದೆ. ‘ಹೂಂ ಅಂದಾನ. ಡಿಪ್ಲೊಮಾದವರಿಗೆ ವರ್ಕ್‌ಶಾಪ್‌ನ್ಯಾಗ ಮೊದಲು ಕರೀತಾರಂತ, ಇವನೂ ಹೆಸರು ಕೊಟ್ಟಾನಂತ’ ಎಂದು ಟೋಪಿ ಸರಿಮಾಡಿಕೊಂಡು, ಗದಗದ ಬಸ್ಸಿನ ಹೊತ್ತಾಯಿತೆಂದು ಎದ್ದರು. ಬ್ಯಾಂಕಿನಲ್ಲಿ ಅವರ ಪಿಂಚಣಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುವುದಿತ್ತು.